ಓಹಾಯೋದಲ್ಲಿ ಜಿಂಕೆ ಬೇಟೆಗೆ ನಡೆಯದ ರೈಫಲ್ ಮಾರಿದ್ದರ ಬಗ್ಗೆ ದೂರು

ಗೆ,
ಮಾಲೀಕರು,
ಬೇಟೆ ಸಾಮಾನಿನ ಅಂಗಡಿ,
ಕೊಲಂಬಸ್, ಓಹಾಯೋ

ವಿಷಯ: ರೈಫಲ್ ಮತ್ತು ತೋಟೆ ಬದಲಿಸಿಕೊಡುವ ಬಗ್ಗೆ

ಮಾನ್ಯರೇ,

ನಮಸ್ಕಾರ. ನೀವೂ ಕನ್ನಡದವರು, ಅದಕ್ಕೇ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಕಳೆದ ತಿಂಗಳು ನಿಮ್ಮ ಅಂಗಡಿಯಲ್ಲಿ ಒಂದು ಬೋಲ್ಟ್ ಆಕ್ಷನ್ ರೈಫಲ್, ಅದರ ಜೊತೆಗೆ ಎರಡು ಬಾಕ್ಸ್ ತೋಟೆ ಕೊಂಡೆ. ನಾನು ಹೇಳಿದ ಕೆಲಸಕ್ಕೆ ಎರಡೂ ಬರುವುದಿಲ್ಲ. ಬದಲಿಸಿಕೊಡಿ ಅಂದರೆ ನಿಮ್ಮ ಹುಡುಗರು ಒಪ್ಪುತ್ತಿಲ್ಲ.

ಕೌಂಟರ್‌ನಲ್ಲಿ ನಾನು ಎಲ್ಲವನ್ನೂ ಬಿಡಿಸಿ ಹೇಳಿದ್ದೆ. ಬೇಟೆ ಓಹಾಯೋದಲ್ಲೇ. ಪ್ರಾಣಿ ವೈಟ್‌ಟೇಲ್ ಜಿಂಕೆ. ಸ್ನೇಹಿತರ ಜೋಳದ ಹೊಲದ ಅಂಚಿನಲ್ಲಿ ಮರದ ಮೇಲೆ ಅಟ್ಟಣೆ ಇದೆ, 100 ಗಜದ ಆಚೆ ಗುಂಡು ಹೊಡೆಯುವ ಮಾತೇ ಇಲ್ಲ. ನನ್ನ ಹೆಂಡತಿಯೂ ಬಳಸುತ್ತಾಳೆ, ಹಾಗಾಗಿ ಭುಜಕ್ಕೆ ಒದೆತ ಕಡಿಮೆ ಇರಲಿ ಅಂದಿದ್ದೆ. ನಾನು ಕೊಡಗಿನವನು, ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ ಮಾಡುವ ಮನೆಯಲ್ಲಿ ಬೆಳೆದವನು. ಆದರೆ ವನ್ಯಜೀವಿ ಕಾಯ್ದೆಯಿಂದಾಗಿ ಈಗ ಊರಲ್ಲಿ ಬೇಟೆ ಇಲ್ಲ. ಇಲ್ಲಿನ ಜಿಂಕೆಗೆ ಯಾವ ತೋಟೆ ಸರಿ ಅಂತ ತಿಳಿದವರನ್ನು ಕೇಳಿಯೇ ಕೊಳ್ಳೋಣ ಅಂತ ನಿಮ್ಮಲ್ಲಿಗೆ ಬಂದೆ.

ನಿಮ್ಮ ಸೇಲ್ಸ್‌ನವರು ಕೊಟ್ಟಿದ್ದು 6.5 ಕ್ರೀಡ್‌ಮೋರ್ ಅನ್ನುವ ತೋಟೆ ಹಾಕುವ ರೈಫಲ್. "ಈಗ ಎಲ್ಲರೂ ಇದನ್ನೇ ತಗೋತಾರೆ ಸರ್, 300 ಗಜಕ್ಕೂ ಸಲೀಸು" ಅಂದರು.

ಮನೆಗೆ ತಂದ ಮೇಲೆ ಪಕ್ಕದ ಮನೆಯ ಹಿರಿಯರಿಗೆ ತೋರಿಸಿದೆ. ಅವರು ಇಲ್ಲೇ ಹುಟ್ಟಿ, ಇಲ್ಲೇ ಬೇಟೆಯಾಡಿದವರು. ಬಾಕ್ಸ್‌ನಿಂದ ಒಂದು ತೋಟೆ ಎತ್ತಿಕೊಂಡು, ಮದ್ದು ತುಂಬಿದ ಹಿತ್ತಾಳೆ ಕೊಳವೆ, ಅಂದರೆ ಕೇಸ್, ಸಣ್ಣದಾಗುವ ಜಾಗದಲ್ಲಿ ಉಗುರು ಆಡಿಸಿ, "ಇದು ನಮ್ಮ ರಾಜ್ಯದಲ್ಲಿ ಜಿಂಕೆಗೆ ನಡೆಯಲ್ಲ" ಅಂದರು.

ಅವರ ಮಾತು ನಿಜ. ಓಹಾಯೋದಲ್ಲಿ ತೋಟೆ ಹಾಕುವ ರೈಫಲ್‌ಗೆ ಜಿಂಕೆ ಬೇಟೆಯಲ್ಲಿ ಅನುಮತಿ ಸಿಕ್ಕಿದ್ದೇ 2014ರಲ್ಲಿ. ಅದಕ್ಕೂ ಮುಂಚೆ ಜನ ಹೆಚ್ಚಾಗಿ ಶಾಟ್‌ಗನ್‌ನಲ್ಲಿ ಸ್ಲಗ್ (ಒಂಟಿ ದಪ್ಪ ಗುಂಡು) ಹಾಕಿಕೊಂಡು ಹೋಗುತ್ತಿದ್ದರು. ಈಗಲೂ ಬುಡದಿಂದ ಬಾಯಿಯವರೆಗೆ ನೆಟ್ಟಗಿರುವ ಕೇಸ್‌ನ ತೋಟೆಯೇ ಆಗಬೇಕು. ಗುಂಡಿನ ದಪ್ಪ 0.357 ಇಂಚಿನಿಂದ 0.50 ಇಂಚಿನ ಒಳಗಿರಬೇಕು. ಕ್ರೀಡ್‌ಮೋರ್ ಕೇಸ್‌ಗೆ ಬಾಟಲಿಯ ಹಾಗೆ ಕತ್ತು ಇದೆ, ಗುಂಡು 0.264 ಇಂಚು. ಎರಡೂ ಲೆಕ್ಕದಲ್ಲಿ ಅದು ಹೊರಗೆ. ಹಾಗೇ ಹೊಲಕ್ಕೆ ಹೋಗಿದ್ದರೆ ಕೇಸು ಬೀಳುತ್ತಿದ್ದದ್ದು ನನ್ನ ಮೇಲೆ, ನಿಮ್ಮ ಸೇಲ್ಸ್‌ನವರ ಮೇಲಲ್ಲ.

ಕ್ರೀಡ್‌ಮೋರ್ ಕೆಟ್ಟ ತೋಟೆ ಅಂತ ನಾನು ಹೇಳುತ್ತಿಲ್ಲ. 2007ರಲ್ಲಿ ಬಂದಾಗಿನಿಂದ ಅದಕ್ಕೆ ಒಳ್ಳೆ ಹೆಸರಿದೆ, ಒದೆತವೂ ಕಡಿಮೆ. ಓಹಾಯೋ ನದಿ ದಾಟಿ ವೆಸ್ಟ್ ವರ್ಜೀನಿಯಾಗೆ ಹೋದರೆ ಜಿಂಕೆಗೆ ಧಾರಾಳವಾಗಿ ಬಳಸಬಹುದು. ಆದರೆ ನಾನು ಕೇಳಿದ್ದು ಇಲ್ಲಿಗೆ ಅಲ್ವಾ? ಅದೇ ಗೋಡೆಯ ಮೇಲೆ .350 ಲೆಜೆಂಡ್ ರೈಫಲ್ ಕೂಡ ಇತ್ತು. ವಿಂಚೆಸ್ಟರ್‌ನವರು 2019ರಲ್ಲಿ ತಂದ ಆ ತೋಟೆ ಇಂಥ ನಿಯಮ ಇರುವ ರಾಜ್ಯಗಳಿಗೆ ಅಂತಲೇ ಮಾಡಿದ್ದು; ಹೆಸರಲ್ಲಿ .350 ಇದ್ದರೂ ಗುಂಡು 0.357 ಇಂಚು, ಕೇಸ್ ನೆಟ್ಟಗಿದೆ. ಒದೆತ ಕಡಿಮೆ, 100 ಗಜಕ್ಕೆ ಬೇಕಾದಷ್ಟು ಬಲ ಇದೆ. ನಾನು ಹೇಳಿದ ಅಷ್ಟೂ ಮಾತಿಗೆ ಅದೇ ಉತ್ತರವಾಗಿತ್ತು. ಅದರ ಹೆಸರನ್ನೂ ಅವರು ಎತ್ತಲಿಲ್ಲ.

ಇನ್ನು ತೋಟೆಯ ವಿಚಾರ. ನನಗೆ ಇದು ರೈಫಲ್‌ಗಿಂತ ಜಾಸ್ತಿ ನೋವು ಕೊಟ್ಟಿದೆ. ಎರಡೂ ಬಾಕ್ಸ್ ಫುಲ್ ಮೆಟಲ್ ಜಾಕೆಟ್. ಅಂದರೆ ಸೀಸದ ಗುಂಡಿನ ಮೂತಿಗೂ ಲೋಹದ ಹೊದಿಕೆ. ಗುರಿ ಅಭ್ಯಾಸಕ್ಕೆ ಸರಿ. ಜಿಂಕೆಗೆ ಬಿದ್ದರೆ ಗುಂಡು ಅರಳುವುದಿಲ್ಲ, ಸಣ್ಣ ತೂತು ಮಾಡಿಕೊಂಡು ಆಚೆ ಹೋಗುತ್ತದೆ. ಪುಪ್ಪುಸಕ್ಕೆ ಗುಂಡು ಬಿದ್ದ ಪ್ರಾಣಿಯೂ ದೂರ ಓಡಿಹೋಗಿ, ಎಲ್ಲೋ ಪೊದೆಯಲ್ಲಿ ನರಳಿ ಸಾಯಬಹುದು. ಸಾಫ್ಟ್ ಪಾಯಿಂಟ್‌ನಂಥ ಅರಳುವ ಗುಂಡು, ಮುಂಗಾಲ ಹಿಂದೆ ಸರಿಯಾದ ಜಾಗಕ್ಕೆ ಬಿದ್ದರೆ ಜಿಂಕೆ ಬೇಗ ಪ್ರಾಣ ಬಿಡುತ್ತದೆ. ಬೇಟೆಗೆ ಹೋಗುವವನು ಪ್ರಾಣಿಗೆ ಅಷ್ಟಾದರೂ ಮಾಡಲೇಬೇಕು. ಬೇಟೆಗೆ ಅಂತ ಕೇಳಿದವನ ಕೈಗೆ ಅಭ್ಯಾಸದ ತೋಟೆ ಕೊಡುವುದು ಯಾವ ನ್ಯಾಯ?

ವಾಪಸ್ ತಂದಾಗ "ಮಾರಿದ ರೈಫಲ್ ಹೊಸದಲ್ಲ" ಅಂತ ಹಳೇ ಮಾಲಿನ ರೇಟು ಹೇಳಿದರು. ಅದರಿಂದ ಒಂದು ಗುಂಡೂ ಹಾರಿಲ್ಲ, ಬಾಕ್ಸ್‌ನಲ್ಲಿ ತೋಟೆ ಒಂದೂ ಕಮ್ಮಿ ಇಲ್ಲ. ಆಮೇಲೆ ಫೋನ್ ಮಾಡಿದರೆ "ಪೆನ್ಸಿಲ್ವೇನಿಯಾಗೆ ಹೋಗಿ ಬೇಟೆ ಆಡಿ" ಅಂದರು. ಗ್ರಾಹಕರ ಜೊತೆ ಮಾತಾಡುವ ರೀತಿಯೇ ಇದು?

ನಾನು ದುಡ್ಡು ವಾಪಸ್ ಕೇಳುತ್ತಿಲ್ಲ. ಕೊಟ್ಟ ಪೂರ್ತಿ ಬೆಲೆಯನ್ನು ಹಿಡಿದು .350 ಲೆಜೆಂಡ್ ರೈಫಲ್ ಕೊಡಿ, ಜೊತೆಗೆ ಅದಕ್ಕೆ ಹೊಂದುವ ಸಾಫ್ಟ್ ಪಾಯಿಂಟ್ ತೋಟೆ ಕೊಡಿ. ಬೆಲೆ ಹೆಚ್ಚಾದರೆ ವ್ಯತ್ಯಾಸ ನಾನು ಕಟ್ಟುತ್ತೇನೆ. ಹಾಗೆಯೇ ಓಹಾಯೋದ ತೋಟೆ ನಿಯಮವನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೌಂಟರ್ ಮೇಲೆ ಹಾಕಿಸಿ. ನಿಮ್ಮ ಅಂಗಡಿಗೆ ಹೊಸದಾಗಿ ಬೇಟೆ ಕಲಿಯುವ ನಮ್ಮವರು ಬಹಳ ಜನ ಬರುತ್ತಾರೆ.

ಗನ್ ಸೀಸನ್ ಶುರುವಾಗುವುದು ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮೇಲಿನ ಸೋಮವಾರ. ಹೊಸ ರೈಫಲ್‌ಗೆ ಗುರಿ ಕೂರಿಸಿಕೊಳ್ಳಲು ಸ್ವಲ್ಪ ಸಮಯ ಬೇಕು. ಹಾಗಾಗಿ ಈ ವಾರದೊಳಗೆ ಲಿಖಿತ ಉತ್ತರ ಕೊಡಿ. ಬಿಲ್ಲಿನ ಪ್ರತಿ ಮತ್ತು ಬಾಕ್ಸ್‌ಗಳ ಫೋಟೋ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ