ಬೆಳಗಿನ ವಾಕಿಂಗ್ ಗುಂಪಿನ ಎಲ್ಲರಿಗೂ

ಹಾರ್ಟ್ ಅಟ್ಯಾಕ್ ವಿಡಿಯೋಗಳನ್ನು ದಯವಿಟ್ಟು ಇಲ್ಲಿಗೆ ಕಳಿಸಬೇಡಿ. ಅದನ್ನು ನೋಡಿದರೆ ನಮ್ಮಲ್ಲಿ ಕೆಲವರಿಗೆ ಆ ರಾತ್ರಿ ನಿದ್ದೆಯೇ ಬರುವುದಿಲ್ಲ. ನಾನೂ ಅವರಲ್ಲೊಬ್ಬಳು.

ಇಸಿಜಿ ನಾರ್ಮಲ್ ಬಂದಿದ್ದರೂ ರಾತ್ರಿ 2 ಗಂಟೆಗೆ ಎದ್ದು ಬೆರಳಿಗೆ ಆಕ್ಸಿಮೀಟರ್ (ರಕ್ತದಲ್ಲಿನ ಆಕ್ಸಿಜನ್ ಅಳೆಯುವ ಸಾಧನ) ಸಿಕ್ಕಿಸಿಕೊಂಡು ಕೂರುತ್ತಿದ್ದೆ. 98 ತೋರಿಸಿದರೆ ಹತ್ತು ನಿಮಿಷ ಸಮಾಧಾನ. ಆಮೇಲೆ ಮತ್ತೆ ಅದೇ. ಭಯಕ್ಕೇ ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ, ಅದನ್ನು ಕಂಡು ಭಯ ಇನ್ನೂ ಜಾಸ್ತಿ, ಅಲ್ವಾ? ಮತ್ತೆ ನೋಡಬೇಕು ಅನ್ನಿಸಿದಾಗ ಅರ್ಧ ಗಂಟೆ ಮುಂದೂಡುವುದನ್ನು ಕಲಿತೆ. ನಿಧಾನಕ್ಕೆ ಕಡಿಮೆಯಾಯಿತು.

ಹೊಸ ತೊಂದರೆ ಏನಾದರೂ ಕಂಡರೆ ಮಾತ್ರ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ತೋರಿಸಿದ ಮೇಲೂ ಭಯ ಬಿಡದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ: 14416. ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ. ರಾತ್ರಿಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.