ಮಕ್ಕಳ ಕೋಣೆಯ ಚಾವಣಿ ರಿಪೇರಿಗೆ ದೇಣಿಗೆ ಮನವಿ

ಆತ್ಮೀಯ ದಾನಿಗಳೇ,

ಕಳೆದ ವಾರದ ಮಳೆಗೆ ನಮ್ಮ ಮಕ್ಕಳ ಕೋಣೆಯ ಚಾವಣಿ ಸೋರಿ, ಒಂದು ಮೂಲೆಯ ಗಾರೆ ಕಳಚಿ ಬಿದ್ದಿದೆ. ರಾತ್ರಿ ಬಿದ್ದಿದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ರಿಪೇರಿ ಆಗುವ ತನಕ ಮಕ್ಕಳನ್ನು ಒಳಗೆ ಬಿಡಬೇಡಿ ಎಂದು ಎಂಜಿನಿಯರ್ ಹೇಳಿದ್ದಾರೆ. ಸದ್ಯ ಕೋಣೆಗೆ ಬೀಗ. ತಿಂಗಳ ಕೊನೆಯೊಳಗೆ ಮುಂಗಡ ಕೊಟ್ಟರೆ ಮಾತ್ರ ಕಂಟ್ರಾಕ್ಟರ್ ಕೆಲಸ ಶುರು ಮಾಡುತ್ತಾರೆ.

ಕುಡಿತ, ಡ್ರಗ್ಸ್ ಬಿಡಿಸುವ ಟ್ರಸ್ಟ್‌ಗೆ ಮಕ್ಕಳ ಕೋಣೆ ಯಾಕೆ ಎಂದು ಹೊಸಬರು ಕೇಳುವುದುಂಟು. ಹಳಬರಾದ ನಿಮಗೆ ಗೊತ್ತೇ ಇದೆ. ಚಟಕ್ಕೆ ಬಿದ್ದ ತಾಯಂದಿರು ಚಿಕಿತ್ಸೆಗೆ ಬರಲು ಹಿಂಜರಿಯುತ್ತಾರೆ. ಮಗುವನ್ನು ಯಾರ ಹತ್ತಿರ ಬಿಟ್ಟು ಬರೋದು? ನಿಜ ಹೇಳಿದರೆ ಮಗುವನ್ನೇ ಕಿತ್ತುಕೊಂಡು ಹೋದರೆ? ಕೋಣೆ ತೆರೆದ ಮೇಲೆ ಅವರು ಮಗುವನ್ನು ಕರೆದುಕೊಂಡೇ ಬರತೊಡಗಿದರು. ಬೀಗ ಬಿದ್ದ ಮೇಲೆ ಕೆಲವರು ಫೋನೂ ಎತ್ತುತ್ತಿಲ್ಲ.

ಈ ಮನೆಗಳಲ್ಲಿ ದೊಡ್ಡ ಮಗುವೇ ಯಜಮಾನ. ತಮ್ಮ ತಂಗಿಗೆ ಉಣ್ಣಿಸಿ ಶಾಲೆಗೆ ಹೊರಡಿಸುವುದು ಅದರ ಕೆಲಸ. ಅಪ್ಪ ಇವತ್ತು ಹೇಗಿದ್ದಾರೆ ಅಂತ ಹೆಜ್ಜೆ ಸದ್ದಿನಲ್ಲೇ ಅದಕ್ಕೆ ಗೊತ್ತಾಗುತ್ತದೆ. ಗೆಳೆಯರನ್ನು ಮನೆಗೆ ಕರೆಯುವುದಿಲ್ಲ, ಟೀಚರ್ ಹತ್ತಿರ ಬಾಯಿ ಬಿಡುವುದಿಲ್ಲ. 'ನಾನು ಜಾಸ್ತಿ ಮಾರ್ಕ್ಸ್ ತೆಗೆದರೆ ಅಪ್ಪ ಬಿಡ್ತಾರಾ?' ಎಂದು ಕೇಳುವ ಮಕ್ಕಳಿದ್ದಾರೆ. ಇದು ನಿನ್ನಿಂದ ಬಂದದ್ದಲ್ಲ, ನಿನ್ನಿಂದ ವಾಸಿಯಾಗುವುದೂ ಅಲ್ಲ, ಇದು ಕಾಯಿಲೆ ಅಂತ ಅವರ ಮನಸ್ಸಿಗೆ ಇಳಿಸಲು ತಿಂಗಳುಗಟ್ಟಲೆ ಬೇಕು. ಬಾಲ್ಯದ ಕಹಿ ಅನುಭವಗಳು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಕಾಯಿಲೆಗಳೂ ಹೆಚ್ಚುತ್ತವೆ ಎಂದು 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಮನೆಯವರ ಚಟವೂ ಆ ಪಟ್ಟಿಯಲ್ಲಿತ್ತು.

ವಿಪರೀತ ಕುಡಿಯುವವರನ್ನು ಮನೆಯಲ್ಲೇ ಕೂಡಿಹಾಕಿ ಬಿಡಿಸ್ತೀವಿ ಅನ್ನುವವರು ಈಗಲೂ ಇದ್ದಾರೆ. ದಿಢೀರ್ ನಿಲ್ಲಿಸಿದರೆ ಮೊದಲ 2-3 ದಿನಗಳಲ್ಲೇ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಹಾಗಾಗಿ ಆಸ್ಪತ್ರೆಗೆ ಸೇರಿಸುತ್ತೇವೆ, ಹಗಲು ಮಕ್ಕಳನ್ನು ಈ ಕೋಣೆಯಲ್ಲಿ ನೋಡಿಕೊಳ್ಳುತ್ತೇವೆ. ವಾಪಸ್ ಬಂದವರು ಮತ್ತೆ ಕುಡಿದರೆ ಮಗು ಯಾರಿಗೆ ಫೋನ್ ಮಾಡಬೇಕು, ಆ ರಾತ್ರಿ ಯಾರ ಮನೆಗೆ ಹೋಗಬೇಕು ಎಂಬುದನ್ನೂ ಮೊದಲೇ ಬರೆದಿಡುತ್ತೇವೆ. ಮರಳಿ ಕುಡಿಯುವುದು ಅಪರೂಪವೇನಲ್ಲ, ಅಲ್ವಾ?

ಹೆಮ್ಮೆಯಿಂದ ಹೇಳುತ್ತೇವೆ, ಅಜ್ಜಿ ಮನೆ ಸೇರಿದ್ದ ಎಷ್ಟೋ ಮಕ್ಕಳು ಇಂದು ಅಪ್ಪ ಅಮ್ಮನ ಜೊತೆಗಿದ್ದಾರೆ. ಈ ಕೋಣೆಯಲ್ಲೇ ಹೋಂವರ್ಕ್ ಮಾಡುತ್ತಿದ್ದ ಹುಡುಗಿ ಈಗ ನರ್ಸ್. ರಜೆಯ ದಿನ ಬಂದು ಚಿಕ್ಕವರಿಗೆ ಪಾಠ ಹೇಳಿಕೊಡುತ್ತಾಳೆ. ಹೇಳುತ್ತಾ ಹೋದರೆ ಮುಗಿಯುವುದಿಲ್ಲ, ಹಣದ ವಿಷಯಕ್ಕೆ ಬರೋಣ.

ಖರ್ಚು ಹೆಚ್ಚುಕಡಿಮೆ ಒಬ್ಬ ಆಪ್ತಸಮಾಲೋಚಕಿಯ ವರ್ಷದ ಸಂಬಳದಷ್ಟು. ಮೂರರಲ್ಲಿ ಒಂದು ಪಾಲು ಕೈಯಲ್ಲಿದೆ. ಸಂಬಳಕ್ಕೆಂದು ಇಟ್ಟ ಹಣವನ್ನು ಮುಟ್ಟುವುದಿಲ್ಲ. ಹಣದ ಬದಲು ಸಿಮೆಂಟು, ಶೀಟು ಕೊಡುವುದಾದರೂ ಆಗಬಹುದು. ರಸೀದಿ ಕೂಡಲೇ ಸಿಗುತ್ತದೆ, ಕೆಲಸ ಮುಗಿದ ಮೇಲೆ ಪೂರ್ತಿ ಲೆಕ್ಕ ಕಳಿಸುತ್ತೇವೆ. ಮಕ್ಕಳ ಫೋಟೋ ಮಾತ್ರ ದಯವಿಟ್ಟು ಕೇಳಬೇಡಿ, ಯಾರಿಗೂ ಕೊಡುವುದಿಲ್ಲ.

ಇಂತಿ,
ಟ್ರಸ್ಟಿಗಳು