ಕರೆದರೆ ಯಾರು ಬರಬೇಕು?

ಮಿನಿಯಾಪೊಲಿಸ್

ಅಪ್ಪಯ್ಯ, ಆಯಿ, ಇಬ್ಬರಿಗೂ ನಮಸ್ಕಾರ.

"ನಿಮ್ಮೂರಲ್ಲಿ ಪೊಲೀಸರೇ ಬೇಡ ಅಂದರಂತೆ, ಹೌದಾ?" ಅಂತ ಮೊನ್ನೆ ನೀನು ಕೇಳಿದೆಯಲ್ಲ ಅಪ್ಪಯ್ಯ, ಅಷ್ಟರಲ್ಲಿ ಫೋನ್ ಕಟ್ಟಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಹಾಗೆ ಅಂದವರು ಇದ್ದದ್ದು ನಿಜ. 2020ರ ಮೇ 25ರಂದು ಒಬ್ಬ ಬಿಳಿಯ ಪೊಲೀಸ್ ಅಧಿಕಾರಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಕುತ್ತಿಗೆಯ ಮೇಲೆ ಒಂಬತ್ತು ನಿಮಿಷಕ್ಕೂ ಜಾಸ್ತಿ ಮೊಣಕಾಲು ಊರಿ ಕೊಂದ. ಸಿಟ್ಟಿಗೆದ್ದ ಜನ ಮೂರು ದಿನಕ್ಕೆ ಒಂದು ಠಾಣೆಗೇ ಬೆಂಕಿ ಹಚ್ಚಿದರು. ತುರ್ತಿಗೆ ಕರೆಯಲು ನಮ್ಮಲ್ಲಿ 112 ಇದ್ದ ಹಾಗೆ ಇಲ್ಲಿ 911. ಆ ವಾರ ಕರೆದರೆ ಯಾರಾದರೂ ಬಂದಾರು ಎಂಬ ನಂಬಿಕೆ ನಮಗೆ ಇರಲಿಲ್ಲ. ಗಿಡಕ್ಕೆ ನೀರು ಬಿಡುವ ಪೈಪನ್ನು ಬಾಗಿಲಿಗೆ ಎಳೆದಿಟ್ಟು, ಬೀದಿಯವರೆಲ್ಲ ಸರದಿಯ ಮೇಲೆ ರಾತ್ರಿ ಕಾದೆವು. 2017ರ ಡಿಸೆಂಬರಿನಲ್ಲಿ ಶಿರಸಿಯಲ್ಲಿ ಕಲ್ಲು ತೂರಾಟ, ಅಶ್ರುವಾಯು ಎಲ್ಲ ಆದ ದಿನ, ಪೇಟೆಗೆ ಹೋದ ನೀನು ಬರುವವರೆಗೆ ಆಯಿ ದಣಪೆಯ ಹತ್ತಿರವೇ ನಿಂತಿದ್ದಳಲ್ಲ, ಆ ಹೆದರಿಕೆ ಏನೆಂದು ನನಗೆ ಇಲ್ಲಿ ಗೊತ್ತಾಯಿತು.

ಪೊಲೀಸ್ ಇಲಾಖೆ ತೆಗೆದು ಸಾರ್ವಜನಿಕ ಸುರಕ್ಷತೆಯ ಹೊಸ ಇಲಾಖೆ ಮಾಡೋಣವೇ ಎಂದು 2021ರ ನವೆಂಬರಿನಲ್ಲಿ ಜನರ ಮತ ಕೇಳಿದರು. ನೂರಕ್ಕೆ ಸುಮಾರು 56 ಮಂದಿ ಬೇಡ ಅಂದರು. ಕಪ್ಪು ಜನ ಜಾಸ್ತಿ ಇರುವ ಉತ್ತರದ ವಾರ್ಡುಗಳಲ್ಲೂ ಬೇಡ ಅಂದವರೇ ಹೆಚ್ಚು. ಸಿಟ್ಟು ಎಷ್ಟೇ ಇರಲಿ, ರಾತ್ರಿ ಯಾರೋ ಬಾಗಿಲು ಒಡೆದರೆ ಒಬ್ಬರು ಬರಬೇಕಲ್ವಾ?

ಆದರೆ ಮತದಾನವಾದ ಮರುತಿಂಗಳು, 2021ರ ಡಿಸೆಂಬರಿನಿಂದ, ಒಂದು ಒಳ್ಳೆಯದಾಯಿತು. ಮನಸ್ಸು ಕೆಟ್ಟು ಒದ್ದಾಡುವವರ ವಿಷಯಕ್ಕೆ 911 ಒತ್ತಿದರೆ, ಮಾನಸಿಕ ಆರೋಗ್ಯ ಬಲ್ಲ ಇಬ್ಬರು ವ್ಯಾನಿನಲ್ಲಿ ಬರುತ್ತಾರೆ. ಕೈಯಲ್ಲಿ ಬಂದೂಕಿಲ್ಲ. ಹೋದ ಚಳಿಗಾಲದಲ್ಲಿ ಮೇಲಿನ ಮನೆಯ ಹುಡುಗ ಬರಿಗಾಲಲ್ಲಿ ಹಿಮಕ್ಕೆ ಇಳಿದು ಕೂಗಾಡುತ್ತಿದ್ದ. ಅವನ ಅಮ್ಮ ಫೋನ್ ಹಿಡಿದು ನಡುಗುತ್ತಿದ್ದಳು, ಒತ್ತಲು ಧೈರ್ಯ ಇಲ್ಲ. ಹಿಂದೊಮ್ಮೆ ಹೀಗೇ ಕರೆದಾಗ ಅವನಿಗೆ ಕೋಳ ಹಾಕಿ ಕರೆದೊಯ್ದಿದ್ದರಂತೆ. ಕೊನೆಗೆ ನಾನೇ ಕರೆ ಮಾಡಿದೆ. ಬಂದವರಲ್ಲಿ ಒಬ್ಬಳು ಮೆಟ್ಟಿಲ ಮೇಲೆ ಸುಮ್ನೆ ಕೂತಳು. ತುಂಬಾ ಹೊತ್ತು ಮಾತೇ ಆಡಲಿಲ್ಲ. ಆಮೇಲೆ "ಕಾಲು ಚಳಿ ಆಗ್ತಿಲ್ವಾ?" ಎಂದು ಕೇಳಿದಳು. ಅರ್ಧ ಗಂಟೆಗೆ ಅವನೇ ಎದ್ದು ಒಳಗೆ ಬಂದ.

ಊರಲ್ಲಿ ನಮ್ಮ ಕೇರಿಯ ಹುಡುಗನೊಬ್ಬ ಕತ್ತಿ ಹಿಡಿದು ಕೂಗಿದಾಗ ಎಲ್ಲರೂ ಠಾಣೆಗೆ ಹೇಳಿ ಎಂದಿದ್ದರು. ನೀನು ಮಾತ್ರ ಅವನನ್ನು ಜಗಲಿಯಲ್ಲಿ ಕೂರಿಸಿಕೊಂಡು ಕವಳದ ಬಟ್ಟಲು ಮುಂದಿಟ್ಟಿದ್ದೆ. ಆ ಹಿಮದ ರಾತ್ರಿ ನನಗೆ ಅದೇ ನೆನಪಾಯಿತು.

ಅವನು ಈಗ ಹೇಗಿದ್ದಾನೆ? ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಾನಾ? ಮುಂದಿನ ಸಲ ಫೋನ್ ಮಾಡಿದಾಗ ಹೇಳು.

ನಿನ್ನ ಮಗಳು